ನಲವತ್ತನಾಲ್ಕು ವರ್ಷ ಮೇಯರ್ ಆಗಿದ್ದವರೊಬ್ಬರ ನಿವೃತ್ತಿ: ನಮ್ಮ ಪಂಚಾಯಿತಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಗ್ರಾಮ ಪಂಚಾಯಿತಿ ಮತ್ತು ಪಟ್ಟಣ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸದಸ್ಯರೇ,

ಸ್ಪೇನ್ ದೇಶದ ದಕ್ಷಿಣದಲ್ಲಿ, ಸೆವಿಲ್ ನಗರದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಆಲಿವ್ ತೋಪುಗಳ ನಡುವೆ ಮರಿನಲೇದಾ ಎಂಬ ಪುಟ್ಟ ಊರಿದೆ. ಹ್ವಾನ್ ಮಾನ್ವೆಲ್ ಸಾಂಚೆಸ್ ಗೋರ್ದಿಯೊ ಎಂಬುವವರು 1979ರಲ್ಲಿ ಆ ಊರಿನ ಮೇಯರ್ ಆದರು. ಆಮೇಲೆ ಒಂದು ಚುನಾವಣೆಯನ್ನೂ ಸೋಲದೆ ಅದೇ ಕುರ್ಚಿಯಲ್ಲಿ ಮುಂದುವರಿದ ಅವರು, ಆರೋಗ್ಯ ಕೈಕೊಟ್ಟ ಕಾರಣ 2023ರ ಮೇ ತಿಂಗಳ ಚುನಾವಣೆಗೆ ನಿಲ್ಲದೆ ಹಿಂದೆ ಸರಿದರು. ಹನ್ನೊಂದು ಚುನಾವಣೆ, ನಲವತ್ತನಾಲ್ಕು ವರ್ಷ. ಈ ನಿವೃತ್ತಿಯನ್ನು ಕನ್ನಡದಲ್ಲಿ ಯಾರಾದರೂ ಗೌರವದಿಂದ, ಆದರೆ ಕಣ್ಣು ಬಿಟ್ಟುಕೊಂಡು ನೆನೆಯಬೇಕು ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಪತ್ರವನ್ನು ಮಂತ್ರಿಗಳಿಗೋ ಶಾಸಕರಿಗೋ ಬರೆಯದೆ ನಿಮಗೇ ಬರೆಯಲು ಕಾರಣವಿದೆ. ಮರಿನಲೇದಾದ ಜನಸಂಖ್ಯೆ ಎರಡೂವರೆ ಸಾವಿರಕ್ಕೆ ತುಸು ಹೆಚ್ಚು. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನ ಇರಬೇಕು. ಮಲೆನಾಡಿನಂಥ ಪ್ರದೇಶಕ್ಕೆ ಮಾತ್ರ ಎರಡೂವರೆ ಸಾವಿರದ ರಿಯಾಯಿತಿ ಉಂಟು. ಅಂದರೆ ಬಯಲುಸೀಮೆಯಲ್ಲಿದ್ದಿದ್ದರೆ ಈ ಊರಿಗೆ ಸ್ವಂತ ಪಂಚಾಯಿತಿಯೇ ಸಿಗುತ್ತಿರಲಿಲ್ಲ, ಪಕ್ಕದ ಹಳ್ಳಿಗಳ ಜೊತೆ ಸೇರಿಸಿಬಿಡುತ್ತಿದ್ದರು. ಅಲ್ಲಿನ ಸ್ಥಳೀಯ ಸಭೆಯಲ್ಲಿ ಇರುವುದು ಹನ್ನೊಂದೇ ಸದಸ್ಯರು, ಮೇಯರನ್ನು ಆರಿಸುವವರೂ ಆ ಸದಸ್ಯರೇ. ಮೇಯರ್ ಎಂದ ಕೂಡಲೇ ನಮಗೆ ಮಹಾನಗರ ಪಾಲಿಕೆಯ ಗೌನು, ಬೆಳ್ಳಿದಂಡ, ಮುಂದೆ ಕೆಂಪು ದೀಪದ ಕಾರು ನೆನಪಾಗುತ್ತವೆ. ಇಲ್ಲಿ ಅಂಥದ್ದೇನೂ ಇಲ್ಲ. ಗೋರ್ದಿಯೊ ಕೂತಿದ್ದ ಕುರ್ಚಿ ನೀವು ಕೂತಿರುವ ಕುರ್ಚಿಗಿಂತ ದೊಡ್ಡದಲ್ಲ.

ವ್ಯತ್ಯಾಸ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಒಬ್ಬರೇ ಎಷ್ಟು ಸಲ ಬೇಕಾದರೂ ಮೇಯರ್ ಆಗಬಹುದು. ನಮ್ಮಲ್ಲಿ ಅಧ್ಯಕ್ಷಗಿರಿ ಮೂವತ್ತು ತಿಂಗಳು, ಅದೂ ಮೀಸಲಾತಿಯ ಸರದಿಯಂತೆ. ಈ ಸರದಿ ಇಲ್ಲದಿದ್ದರೆ ಅಧ್ಯಕ್ಷರ ಕೊಠಡಿಯ ಹೊಸ್ತಿಲನ್ನೂ ತುಳಿಯಲಾಗದಿದ್ದ ಎಷ್ಟೋ ಹೆಣ್ಣುಮಕ್ಕಳು, ದಲಿತರು, ಹಿಂದುಳಿದವರು ಇವತ್ತು ಆ ಕೊಠಡಿಯಲ್ಲಿ ಕೂತು ಕಡತಕ್ಕೆ ಸಹಿ ಹಾಕುತ್ತಿದ್ದಾರೆ. ಆದ್ದರಿಂದ ಒಬ್ಬರೇ ನಲವತ್ತನಾಲ್ಕು ವರ್ಷ ಇರಲಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಹಾಗಿದ್ದರೂ, ಚಿಕ್ಕ ಕುರ್ಚಿಯಿಂದ ಎಷ್ಟು ದೂರ ಕೈ ಚಾಚಬಹುದು ಎಂಬುದಕ್ಕೆ ಈ ಮನುಷ್ಯನ ದುಡಿಮೆ ಒಂದು ಅಳತೆಗೋಲು.

1975ರ ನವೆಂಬರಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಸತ್ತ ಮೇಲೆ ಸ್ಪೇನಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಮೊದಲ ಮುಕ್ತ ಚುನಾವಣೆ ನಡೆದದ್ದು 1979ರ ಏಪ್ರಿಲಿನಲ್ಲಿ. ಆಗ ಗೋರ್ದಿಯೊ ಮೂವತ್ತು ವರ್ಷದ ಆಸುಪಾಸಿನ ಚರಿತ್ರೆ ಮೇಷ್ಟರು. ಊರಿನಲ್ಲಿ ಬಹುತೇಕ ಎಲ್ಲರೂ ಕೂಲಿಕಾರರು, ಸುತ್ತಲಿನ ಭೂಮಿ ಮಾತ್ರ ಬೆರಳೆಣಿಕೆಯ ಶ್ರೀಮಂತ ಮನೆತನಗಳದ್ದು. ಆಂದಲೂಸಿಯಾ ಪ್ರಾಂತದ ಇಂಥ ಊರುಗಳಲ್ಲಿ ಬೆಳಗಿನ ಜಾವ ಗಂಡಸರು ಚೌಕದಲ್ಲಿ ಬಂದು ನಿಲ್ಲುತ್ತಿದ್ದರು; ಜಮೀನ್ದಾರನ ಮೇಸ್ತ್ರಿ ಬಂದು ನೀನು ಬಾ, ನೀನು ಬಾ ಎಂದು ಬೆರಳು ತೋರಿಸಿ ಕರೆದುಕೊಂಡು ಹೋಗುತ್ತಿದ್ದ. ಬೆರಳು ಯಾರ ಕಡೆ ತಿರುಗಲಿಲ್ಲವೋ ಅವರ ಮನೆಯಲ್ಲಿ ಅಂದು ಒಲೆ ಹೊತ್ತುವುದು ಅನುಮಾನ. ನಮ್ಮ ಪಟ್ಟಣಗಳ ಸರ್ಕಲ್ಲುಗಳಲ್ಲಿ ಬುತ್ತಿ ಚೀಲ ಹಿಡಿದು ನಿಲ್ಲುವ ಗಾರೆ ಕೆಲಸದವರನ್ನು ದಿನಾ ನೋಡುವ ನಿಮಗೆ ಈ ಚಿತ್ರ ಹೊಸದಲ್ಲ. ಆಲಿವ್ ಕೊಯ್ಲಿನ ಕೆಲವು ತಿಂಗಳು ಬಿಟ್ಟರೆ ವರ್ಷದ ಉಳಿದ ದಿನ ಕೆಲಸ ಸಿಗುವುದೇ ಕಷ್ಟ. ಅನೇಕರು ದ್ರಾಕ್ಷಿ ಕೊಯ್ಯಲು ಫ್ರಾನ್ಸಿಗೆ, ಕಾರ್ಖಾನೆ ಕೆಲಸಕ್ಕೆ ಜರ್ಮನಿಗೆ, ಬಾರ್ಸೆಲೋನಾ ಕಡೆಗೆ ಗುಳೆ ಹೋಗುತ್ತಿದ್ದರು.

ಹೊಸ ಮೇಯರಿಗೆ ಕಾನೂನು ಕೊಟ್ಟಿದ್ದ ಅಧಿಕಾರವೆಂದರೆ ರಸ್ತೆ, ಚರಂಡಿ, ಬೀದಿದೀಪ, ನಿವೇಶನ. ಕೆಲಸವಿಲ್ಲದ ಕೂಲಿಕಾರರಿಗಾಗಿ ಮೇಲಿನ ಸರ್ಕಾರ ಕಳಿಸುತ್ತಿದ್ದ ಹಣವಂತೂ ನಾಲ್ಕು ದಿನಕ್ಕೂ ಸಾಲುತ್ತಿರಲಿಲ್ಲ. 1980ರ ಆಗಸ್ಟಿನ ಸುಡುಬಿಸಿಲಿನಲ್ಲಿ ಆ ಊರಿನ ಸುಮಾರು ಏಳುನೂರು ಜನ, ಗಂಡಸರು ಹೆಂಗಸರು ಕೂಡಿ, ಒಂಬತ್ತು ದಿನ ಉಪವಾಸ ಕೂತರು. ಹಸಿವಿನ ವಿರುದ್ಧ ಉಪವಾಸ ಎಂದು ಅದಕ್ಕೆ ಹೆಸರಾಯಿತು. ಇಡೀ ಸ್ಪೇನಿನ ಪತ್ರಿಕೆಗಳು ಈ ಊರಿನ ಹೆಸರನ್ನು ಬರೆಯತೊಡಗಿದವು, ಸರ್ಕಾರ ಮಣಿದು ಹಣ ಬಿಡುಗಡೆ ಮಾಡಿತು. ಇಲ್ಲಿಗೆ ಕಥೆ ಮುಗಿದಿದ್ದರೆ ಗೋರ್ದಿಯೊ ಅವರನ್ನು ಒಬ್ಬ ಒಳ್ಳೆಯ ಹೋರಾಟಗಾರ ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಗೆದ್ದು ಬಂದ ಹಣ ಮುಗಿದ ಮೇಲೆ ಮತ್ತೆ ಕೈಯೊಡ್ಡಬೇಕಾಗುತ್ತದೆ ಎಂಬುದು ಊರಿನ ಸಭೆಗೆ ಅರ್ಥವಾಗಿತ್ತು. ಪರಿಹಾರದ ಹಣ ಬೇಡ, ಭೂಮಿ ಬೇಕು ಎಂಬ ಮಾತು ಅಲ್ಲಿಂದ ಶುರುವಾಯಿತು.

ಅವರ ಕಣ್ಣು ಬಿದ್ದದ್ದು ಇನ್ಫಾಂತಾದೊ ಡ್ಯೂಕ್ ಎಂಬ ಬಿರುದಿನ ಜಮೀನ್ದಾರರಿಗೆ ಸೇರಿದ್ದ ಎಲ್ ಉಮೋಸೊ ಎಂಬ ಜಮೀನಿನ ಮೇಲೆ. ಡ್ಯೂಕರ ವಿಶಾಲ ಆಸ್ತಿಯಲ್ಲಿ ಅದೊಂದು ತುಣುಕು ಅಷ್ಟೆ. ಗೋಧಿ, ಸೂರ್ಯಕಾಂತಿಯಂಥ ಬೆಳೆ. ಬಿತ್ತುವುದೂ ಕೊಯ್ಯುವುದೂ ಯಂತ್ರದಿಂದ. ಸಾವಿರಾರು ಎಕರೆಗೆ ಬೇಕಾದ ಆಳುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಊರಿನವರು ಮೈಲಿಗಟ್ಟಲೆ ನಡೆದು ಹೋಗಿ ಅಲ್ಲಿ ಕೂರುತ್ತಿದ್ದರು, ಪೊಲೀಸರು ಎಬ್ಬಿಸಿದರೆ ವಾಪಸು ಬಂದು ಮತ್ತೆ ಹೋಗುತ್ತಿದ್ದರು. ವರ್ಷಗಟ್ಟಲೆ ನಡೆದ ಈ ಚಳವಳಿಯಲ್ಲಿ ಮೇಯರ್ ಎಷ್ಟು ಸಲ ಠಾಣೆಗೆ, ನ್ಯಾಯಾಲಯಕ್ಕೆ ಅಲೆದರೋ. ಜಮೀನಿಗೆ ನೀರಾವರಿ ಕೊಡಿ ಎಂದು ಕೊರ್ದೊಬಿಯಾ ಜಲಾಶಯದ ಬಳಿಯೂ ಬೀಡುಬಿಟ್ಟರು. ನೀರು ಬಂದರೆ ಅದು ಯಂತ್ರದ ಬೆಳೆಯ ಭೂಮಿಯಾಗಿ ಉಳಿಯದೆ ಕೈಕೆಲಸ ಬೇಡುವ ಭೂಮಿಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಕೊನೆಗೆ 1991ರ ಹೊತ್ತಿಗೆ ಆಂದಲೂಸಿಯಾ ಪ್ರಾಂತ ಸರ್ಕಾರ ಡ್ಯೂಕರಿಗೆ ಪರಿಹಾರ ಕೊಟ್ಟು 1,200 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ಎಕರೆ ಭೂಮಿಯನ್ನು ಪಡೆದು ಊರಿನ ಕೂಲಿಕಾರರ ಬಳಕೆಗೆ ಬಿಟ್ಟಿತು.

ಭೂಮಿಗಾಗಿ ಕೂತೆದ್ದವರ ಕಥೆ ಕನ್ನಡಿಗರಿಗೆ ಗೊತ್ತಿಲ್ಲದ್ದಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದಿಂದ ಶುರುಮಾಡಿ ಹೊಲಕ್ಕಿಳಿದು ಸತ್ಯಾಗ್ರಹ ಮಾಡಿದರು, ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಆದರೆ ಆ ಕಾನೂನು ಗೇಣಿದಾರನಿಗೆ ಭೂಮಿ ಕೊಟ್ಟಿತೇ ಹೊರತು, ಗೇಣಿದಾರನ ಹೊಲದಲ್ಲೂ ಧಣಿಯ ಹೊಲದಲ್ಲೂ ದಿನಗೂಲಿಗೆ ದುಡಿಯುತ್ತಿದ್ದ ಭೂಹೀನನ ಪಾಲಿಗೆ ಅದು ಬಹುಮಟ್ಟಿಗೆ ಬರಲೇ ಇಲ್ಲ. ಬಂದ ಹೆಚ್ಚುವರಿ ಭೂಮಿಯೂ ಅಷ್ಟಕ್ಕಷ್ಟೆ. ನಮ್ಮ ಭೂಸುಧಾರಣೆ ಅಲ್ಲಿಗೇ ನಿಂತಿತು, ಮರಿನಲೇದಾದವರು ಹೊರಟದ್ದು ಅಲ್ಲಿಂದ. ಅವರು ಭೂಮಿಯನ್ನು ಎಕರೆ ಎರಡೆಕರೆಯಾಗಿ ಹಂಚಿಕೊಳ್ಳಲಿಲ್ಲ. ಹಂಚಿದ್ದರೆ ಬಹುಶಃ ಹತ್ತು ವರ್ಷದಲ್ಲಿ ಅರ್ಧ ಪಾಲು ಮತ್ತೆ ದುಡ್ಡಿದ್ದವರ ಕೈ ಸೇರುತ್ತಿತ್ತು. ಸಹಕಾರ ಸಂಘ ಮಾಡಿ ಒಟ್ಟಿಗೇ ಸಾಗುವಳಿ ಮಾಡಿದರು.

ಅವರು ಯಾವ ಬೆಳೆ ಇಟ್ಟರು ಎಂಬುದನ್ನು ನೀವು ಗಮನಿಸಬೇಕು, ಏಕೆಂದರೆ ಗೋರ್ದಿಯೊ ಅವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಆ ಊರಿನ ಗೋಡೆಯ ಮೇಲಿನ ಕ್ರಾಂತಿಕಾರಿ ಚೆ ಗೆವಾರಾ ಚಿತ್ರದ ಮುಂದೆಯೇ ನಿಂತುಬಿಡುತ್ತಾರೆ. ಯಾವುದೇ ರೈತ ಕೇಳುವ ಮೊದಲ ಪ್ರಶ್ನೆ ಎಕರೆಗೆ ಎಷ್ಟು ಲಾಭ ಎಂದು. ಈ ಸಂಘ ಕೇಳಿಕೊಂಡದ್ದು ಎಕರೆಗೆ ಎಷ್ಟು ಕೈಗೆ ಕೆಲಸ ಎಂದು. ಆದ್ದರಿಂದ ಗೋಧಿ ಸೂರ್ಯಕಾಂತಿಯ ಜಾಗಕ್ಕೆ ದೊಣ್ಣೆಮೆಣಸಿನ ಜಾತಿಯ ಕೆಂಪು ಮೆಣಸು, ಆರ್ಟಿಚೋಕ್ ಎಂಬ ಮೊಗ್ಗಿನ ತರಕಾರಿ, ಅವರೆಯ ಹಾಗಿರುವ ಅಗಲ ಕಾಳು ಬಂದವು. ಆಲಿವ್ ಮರಗಳನ್ನು ಹೊಸದಾಗಿ ನೆಟ್ಟರು. ಇವೆಲ್ಲ ಸಸಿ ನೆಡುವುದರಿಂದ ಹಿಡಿದು ಕಳೆ, ಕೊಯ್ಲು, ವಿಂಗಡಣೆಯವರೆಗೆ ಕೈಯಿಂದಲೇ ಆಗಬೇಕಾದ ಬೆಳೆಗಳು. ಕೊಯ್ದದ್ದನ್ನು ಹಾಗೇ ಮಂಡಿಗೆ ಸುರಿದರೆ ಬೆಲೆ ದಲ್ಲಾಳಿಯ ಕೈಯಲ್ಲಿ. ಅದಕ್ಕಾಗಿ ಊರಲ್ಲೇ ಡಬ್ಬಿ ತುಂಬುವ ಕಾರ್ಖಾನೆ ಕಟ್ಟಿದರು. ಮೆಣಸನ್ನು ಸುಟ್ಟು, ಸಿಪ್ಪೆ ಸುಲಿದು, ಗಾಜಿನ ಬಾಟಲಿಗೆ ತುಂಬುವ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಹೊಲದ ಆಚೆಗೂ ಸಂಬಳ ಹುಟ್ಟಿತು. ದಿನಕ್ಕೆ ಆರೂವರೆ ಗಂಟೆ ಕೆಲಸ, ಯಾವ ಕೆಲಸಕ್ಕಾದರೂ ಒಂದೇ ಕೂಲಿ. ಹತ್ತು ಹನ್ನೆರಡು ವರ್ಷದ ಹಿಂದಿನ ವರದಿಗಳಲ್ಲಿ ಅದು ದಿನಕ್ಕೆ 47 ಯೂರೊ ಎಂದಿದೆ. ಲಾಭ ಬಂದರೆ ಹಂಚಿಕೊಳ್ಳದೆ ಇನ್ನಷ್ಟು ಕೆಲಸ ಹುಟ್ಟಿಸಲು ಹೂಡಬೇಕು ಎಂಬುದು ಕಟ್ಟಳೆ. 2013ರ ಹೊತ್ತಿಗೆ ಇಡೀ ಆಂದಲೂಸಿಯಾದಲ್ಲಿ ಕೆಲಸ ಹುಡುಕುತ್ತಿದ್ದ ನೂರರಲ್ಲಿ ಮೂವತ್ತೈದಕ್ಕೂ ಹೆಚ್ಚು ಜನ ಬರಿಗೈಯಲ್ಲಿದ್ದರು; ಆಗ ಪತ್ರಕರ್ತರು ಈ ಊರನ್ನು ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ.

ಮನೆಗಳ ವಿಷಯ ನಿಮಗೆ ಇನ್ನೂ ಹತ್ತಿರದ್ದು. ನಮ್ಮ ಪಂಚಾಯಿತಿಗಳಲ್ಲಿ ಜಗಳ ಹೆಚ್ಚು ಆಗುವುದು ಯಾವುದಕ್ಕೆ ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ: ಮನೆ ಪಟ್ಟಿಗೆ. ಆಶ್ರಯವೆನ್ನಿ, ಬಸವ ವಸತಿಯೆನ್ನಿ, ಅಂಬೇಡ್ಕರ್ ನಿವಾಸವೆನ್ನಿ, ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕೆಂದು ನಿಯಮ ಹೇಳುತ್ತದೆ. ನಾನು ಸದಸ್ಯನಾಗಿದ್ದ ಅವಧಿಯಲ್ಲಿ ಕಂಡದ್ದು, ಪಟ್ಟಿ ಮೊದಲೇ ಒಬ್ಬರ ಜೇಬಿನಲ್ಲಿ ಸಿದ್ಧವಾಗಿ, ಸಭೆಯ ಹೊತ್ತಿಗೆ ನಡಾವಳಿ ಪುಸ್ತಕದಲ್ಲಿ ಸಹಿಗಳು ಅರ್ಧಕ್ಕರ್ಧ ಬಿದ್ದಿರುತ್ತಿದ್ದವು. ಶಾಮಿಯಾನದ ಕೆಳಗೆ ನೋಡಲ್ ಅಧಿಕಾರಿ ಮೈಕಿನಲ್ಲಿ ಓದುವಾಗ ಜನ ಮಂಡಕ್ಕಿ ಖಾರ ತಿನ್ನುತ್ತ ತಮ್ಮ ಹೆಸರು ಬಂತೇ ಎಂದು ಮಾತ್ರ ಕಿವಿಗೊಡುತ್ತಿದ್ದರು. ಬಿಲ್ಲು ತಳಪಾಯಕ್ಕೊಂದು ಕಂತು, ಗೋಡೆಗೊಂದು, ಚಾವಣಿಗೊಂದು; ಜಿಪಿಎಸ್ ಫೋಟೊ ಏರಲಿಲ್ಲವೆಂದು ಚಾವಣಿ ಇಲ್ಲದೆ ಮಳೆಗಾಲ ಕಳೆದ ಗೋಡೆಗಳನ್ನು ನೀವೂ ಕಂಡಿರುತ್ತೀರಿ.

ಮರಿನಲೇದಾದಲ್ಲಿ ಮೇಯರ್ ಮಾಡಿದ್ದು ಇಷ್ಟು. ಊರ ಸುತ್ತಲಿನ ಜಾಗವನ್ನು ಸ್ಥಳೀಯ ಸಂಸ್ಥೆಯ ಹೆಸರಿಗೆ ತಂದು, ರಿಯಲ್ ಎಸ್ಟೇಟ್ ಮಾರುಕಟ್ಟೆಗೆ ಬಿಡದೆ ಉಳಿಸಿಕೊಂಡರು. ಸಾಮಗ್ರಿಗೆ ಪ್ರಾಂತ ಸರ್ಕಾರದ ಯೋಜನೆಯಿಂದ ಹಣ ತರಿಸಿದರು, ನಕ್ಷೆ ಮತ್ತು ಎಂಜಿನಿಯರ್ ಖರ್ಚು ಪಂಚಾಯಿತಿಯದು. ಮನೆ ಬೇಕಾದ ಕುಟುಂಬದವರು ನುರಿತ ಮೇಸ್ತ್ರಿಗಳ ಜೊತೆ ತಾವೇ ಕಲ್ಲು ಹೊತ್ತು, ಗಾರೆ ಕಲಸಿ ದುಡಿಯಬೇಕು. ಆ ದುಡಿಮೆಯ ದಿನಗಳು ಮನೆಯ ಬೆಲೆಗೆ ಜಮೆ. ಉಳಿದ ಮೊತ್ತಕ್ಕೆ ತಿಂಗಳಿಗೆ 15 ಯೂರೊ ಕಂತು, ನಮ್ಮ ಹಣದಲ್ಲಿ ಸಾವಿರದ ಐನೂರು ರೂಪಾಯಿಯ ಆಸುಪಾಸು. ಇದರಲ್ಲಿ ನನಗೆ ತುಂಬ ಹಿಡಿಸಿದ ಕಟ್ಟಳೆಯೊಂದಿದೆ: ಒಂದು ಸಾಲಿನ ಮನೆಗಳನ್ನು ಎಲ್ಲ ಕುಟುಂಬಗಳೂ ಒಟ್ಟಿಗೆ ಕಟ್ಟುವಾಗ, ಯಾವ ಮನೆ ಯಾರಿಗೆ ಎಂಬುದು ಕೆಲಸ ನಡೆಯುತ್ತಿರುವ ತನಕ ಗೊತ್ತಿರುವುದಿಲ್ಲ ಎಂದು ಅಲ್ಲಿಗೆ ಹೋಗಿಬಂದವರು ಬರೆದಿದ್ದಾರೆ. ತನ್ನ ಗೋಡೆಗೆ ಹೆಚ್ಚು ಸಿಮೆಂಟು, ಪಕ್ಕದವನ ಗೋಡೆಗೆ ಹೆಚ್ಚು ಮರಳು ಹಾಕುವ ಆಸೆಗೆ ಅಲ್ಲಿ ಎಡೆಯೇ ಇಲ್ಲ. ಹೀಗೆ ಎದ್ದ ಮನೆಗಳು ಸುಮಾರು 350. ಮೂರು ಕೋಣೆ, ಹಿಂದೆ ಅಂಗಳ. ಇಷ್ಟಬಂದ ಬೆಲೆಗೆ ಮಾರಿ ಲಾಭ ಮಾಡಿಕೊಳ್ಳುವ ಹಾಗಿಲ್ಲ. 2008ರ ನಂತರ ಸ್ಪೇನಿನಲ್ಲಿ ಸಾಲದ ಕಂತು ಕಟ್ಟಲಾಗದ ಲಕ್ಷಾಂತರ ಕುಟುಂಬಗಳ ಮನೆಗಳನ್ನು ಬ್ಯಾಂಕುಗಳು ಜಪ್ತಿ ಮಾಡಿ ಜನರನ್ನು ಬೀದಿಗೆ ಹಾಕುತ್ತಿದ್ದಾಗ, ಈ ಊರಿನವರ ತಲೆಯ ಮೇಲೆ ಆ ಭಯ ಇರಲಿಲ್ಲ.

ಇದೆಲ್ಲ ತೀರ್ಮಾನವಾಗುತ್ತಿದ್ದುದು ಊರ ಸಭೆಯಲ್ಲಿ. ಮೈಕು ಕಟ್ಟಿದ ಗಾಡಿಯೊಂದು ಬೀದಿಬೀದಿ ಸುತ್ತಿ ಇಂಥ ಹೊತ್ತಿಗೆ ಸಭೆ ಎಂದು ಸಾರಿಕೊಂಡು ಹೋಗುತ್ತಿತ್ತು, ಊರಿನವರು ಸಂಘದ ಭವನದಲ್ಲಿ ಸೇರುತ್ತಿದ್ದರು. ತೆರಿಗೆ ಎಷ್ಟು, ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು, ಮುಂದಿನ ಮನೆಗಳು ಯಾರಿಗೆ, ಕೊಯ್ಲಿಗೆ ಯಾವ ಗುಂಪು ಎಂಬುದಕ್ಕೆಲ್ಲ ಅಲ್ಲೇ ಕೈಯೆತ್ತಿಸಿ ಮತ. ಕೆಲವು ಭಾನುವಾರಗಳನ್ನು ಕೆಂಪು ಭಾನುವಾರ ಎಂದು ಕರೆದು, ಕೂಲಿಯಿಲ್ಲದೆ ಬೀದಿ ಗುಡಿಸುವುದು, ಗಿಡ ನೆಡುವುದು, ಸಂಘದ ಹೊಲದಲ್ಲಿ ದುಡಿಯುವುದು. ಊರಿಗೆ ಸ್ವಂತ ಪೊಲೀಸರನ್ನು ನೇಮಿಸಿಕೊಳ್ಳದೆ ಆ ಹಣವನ್ನು ಬೇರೆ ಕೆಲಸಕ್ಕೆ ಬಳಸಿದರು. ಪುಟ್ಟ ಮಕ್ಕಳ ಪಾಲನಾ ಕೇಂದ್ರಕ್ಕೆ ಊಟವೂ ಸೇರಿ ತಿಂಗಳಿಗೆ 12 ಯೂರೊ. ಮೇಯರ್ ತಮ್ಮ ಹುದ್ದೆಗೆ ಸಂಬಳ ತೆಗೆದುಕೊಳ್ಳದೆ ಮೇಷ್ಟರ ಕೆಲಸದಿಂದ ಜೀವನ ನಡೆಸಿದರು ಎಂಬುದನ್ನೂ ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ.

ಗೌರವ ಸಲ್ಲಿಸುವ ಪತ್ರದಲ್ಲಿ ತಕರಾರು ಏಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ತಕರಾರು ಬಿಟ್ಟು ಗೌರವಿಸಿದರೆ ಅದು ಅಭಿನಂದನಾ ಗ್ರಂಥವಾಗುತ್ತದೆ, ಅದನ್ನು ಯಾರೂ ಓದುವುದಿಲ್ಲ.

2012ರ ಆಗಸ್ಟಿನಲ್ಲಿ ಗೋರ್ದಿಯೊ ಜಗತ್ತಿಗೆಲ್ಲ ಸುದ್ದಿಯಾದರು. ಅವರ ಕೃಷಿಕಾರ್ಮಿಕ ಸಂಘದವರು ಎಸಿಹಾ ಪಟ್ಟಣದ ದೊಡ್ಡ ಅಂಗಡಿಯೊಂದಕ್ಕೆ ನುಗ್ಗಿ, ಗಾಡಿಗಳ ತುಂಬ ಎಣ್ಣೆ, ಸಕ್ಕರೆ, ಅಕ್ಕಿ, ಕಡಲೆ, ಹಾಲು ತುಂಬಿಕೊಂಡು ಹಣ ಕೊಡದೆ ಹೊರಬಂದು ಬಡವರಿಗೆ ಕೊಡುವುದಾಗಿ ಸಾರಿದರು. ಆಗ ಪ್ರಾಂತ ಶಾಸನಸಭೆಯ ಸದಸ್ಯರೂ ಆಗಿದ್ದ ಗೋರ್ದಿಯೊ ಹೊರಗೆ ನಿಂತು ಅದನ್ನು ಸಮರ್ಥಿಸಿಕೊಂಡರು. ಪತ್ರಿಕೆಗಳು ಅವರನ್ನು ಸ್ಪೇನಿನ ರಾಬಿನ್ ಹುಡ್ ಎಂದವು. ನನಗೆ ಆ ಪ್ರಸಂಗ ಹಿಡಿಸಲಿಲ್ಲ. ಮೂವತ್ತು ವರ್ಷ ಮೆಣಸಿನ ಸಸಿ ನೆಟ್ಟು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ತೋರಿಸಿದವರಿಗೆ ಕ್ಯಾಮೆರಾ ಮುಂದಿನ ಆ ಆಟ ಬೇಕಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಅವರನ್ನು ತಡೆಯಲು ಹೋಗಿ ತಳ್ಳಾಟಕ್ಕೆ ಸಿಕ್ಕ ಗಲ್ಲಾದ ಹೆಣ್ಣುಮಗಳೂ ತಿಂಗಳ ಸಂಬಳಕ್ಕೆ ದುಡಿಯುವವಳೇ.

ಎರಡನೆಯ ತಕರಾರು ಗಂಭೀರವಾದದ್ದು. ಆ ಮೂರು ಸಾವಿರ ಎಕರೆಯ ಒಡೆತನ ಉಳಿದದ್ದು ಪ್ರಾಂತ ಸರ್ಕಾರದ ಕೈಯಲ್ಲೇ. ಸಂಘಕ್ಕೆ ಸಿಕ್ಕಿದ್ದು ಸಾಗುವಳಿಯ ಹಕ್ಕು. ಭೂಮಿ ಯಾರೊಬ್ಬರ ಸ್ವತ್ತೂ ಆಗಬಾರದು ಎಂಬ ತತ್ವಕ್ಕೆ ಅದು ಹೊಂದುತ್ತಿತ್ತು, ನಿಜ. ಆದರೆ ಮೇಲಿನ ಸರ್ಕಾರ ಬದಲಾದಾಗ ಊರಿನ ಅನ್ನದ ತಟ್ಟೆಯ ಅಂಚು ಬೇರೆಯವರ ಕೈಯಲ್ಲಿರುತ್ತದೆ. ಮನೆ ಕಟ್ಟುವ ಸಾಮಗ್ರಿಯೂ ಅಲ್ಲಿಂದಲೇ, ಕೂಲಿಕಾರರಿಗೆ ಕೆಲಸವಿಲ್ಲದ ತಿಂಗಳ ಭತ್ಯೆಯಂತೂ ಸ್ಪೇನಿನ ಕೇಂದ್ರ ಸರ್ಕಾರದಿಂದ. ಆ ಭತ್ಯೆ ಸಿಗಬೇಕಾದರೆ ವರ್ಷದಲ್ಲಿ ಇಂತಿಷ್ಟು ದಿನ ಹೊಲದಲ್ಲಿ ದುಡಿದೆನೆಂಬ ದಾಖಲೆ ಬೇಕು. ಸಂಘದ ಹೊಲದಲ್ಲಿ ಯಾರಿಗೆ ಎಷ್ಟು ದಿನ ಕೆಲಸ ಎಂದು ನಿರ್ಧರಿಸುವವರ ಕೈಯಲ್ಲಿ ಎಷ್ಟು ಬಲ ಸೇರುತ್ತದೆ ಎಂಬುದನ್ನು, ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯನ್ನು ಹತ್ತಿರದಿಂದ ನೋಡಿದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ವಿರೋಧ ಪಕ್ಷದವರ ದೂರು ಇದೇ ಆಗಿತ್ತು: ಎಲ್ಲರೆದುರು ಕೈಯೆತ್ತಿ ಮತ ಹಾಕುವ ಸಭೆಯಲ್ಲಿ, ನಾಳೆ ಕೆಲಸ ಕೊಡುವವರ ಎದುರು, ಕೈಯೆತ್ತದೆ ಇರುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಈ ಪ್ರಶ್ನೆಗೆ ಗೋರ್ದಿಯೊ ಅವರ ಅಭಿಮಾನಿಗಳು ಸರಿಯಾದ ಉತ್ತರ ಕೊಟ್ಟದ್ದನ್ನು ನಾನು ಓದಿಲ್ಲ. ಬರಬರುತ್ತ ವಿರೋಧಿಗಳ ಮತ ಹೆಚ್ಚಿತು, ಅದು ಆರೋಗ್ಯಕರ ಎಂದೇ ನನ್ನ ಅಭಿಪ್ರಾಯ.

ಇಷ್ಟಾದರೂ, ಅವರು ಹಿಂದೆ ಸರಿದ ಬಗೆ ಗೌರವಕ್ಕೆ ಅರ್ಹವಾದದ್ದು. ಹಾಸಿಗೆ ಹಿಡಿದ ಮೇಲೂ ಕುರ್ಚಿ ಬಿಡದ ನಾಯಕರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಬಿಟ್ಟರೂ ಮಗನಿಗೋ ಸೊಸೆಗೋ ಬಿಡುತ್ತಾರೆ. ಇಲ್ಲಿ ಅದೇ ಬಣದ ಕಿರಿಯ ಸದಸ್ಯ ಸೆರ್ಹಿಯೊ ಗೋಮೆಸ್ ರೇಯೆಸ್ ಚುನಾವಣೆಗೆ ನಿಂತು, ಗೆದ್ದು, ಮೇಯರ್ ಆದರು. ನಲವತ್ತನಾಲ್ಕು ವರ್ಷ ಒಬ್ಬರ ದನಿಯನ್ನೇ ಕೇಳಿದ ಊರಿಗೆ ಹೊಸ ದನಿ ಒಗ್ಗುತ್ತದೆಯೇ, ಸಂಘದ ಹೊಲ ಇನ್ನೆಷ್ಟು ವರ್ಷ ನಡೆಯುತ್ತದೆ ಎಂಬುದನ್ನು ಮುಂದಿನ ಚುನಾವಣೆಗಳು ಹೇಳುತ್ತವೆ. ಗೋರ್ದಿಯೊ ಅವರ ಕೆಲಸದ ನಿಜವಾದ ಪರೀಕ್ಷೆ ಈಗಷ್ಟೇ ಶುರುವಾಗಿದೆ.

ಸದಸ್ಯರೇ, ನಮ್ಮಲ್ಲಿ ಅಧ್ಯಕ್ಷರ ಅವಧಿ ಮುಗಿದಾಗ ನಡೆಯುವುದನ್ನು ನೆನಪಿಸಿಕೊಳ್ಳಿ. ಪಂಚಾಯಿತಿ ಸಭಾಂಗಣದಲ್ಲಿ ಒಂದು ಬೀಳ್ಕೊಡುಗೆ, ಮೈಸೂರು ಪೇಟ, ಶಾಲು, ಗಂಧದ ಹಾರ, ಒಂದು ನೆನಪಿನ ಕಾಣಿಕೆ, ಊಟಕ್ಕೆ ಪಲಾವ್ ಮತ್ತು ಹೋಳಿಗೆ, ಹೊರಗೆ ಫ್ಲೆಕ್ಸು. ಮಾರನೆಯ ದಿನ ಹೊಸ ಅಧ್ಯಕ್ಷರು ಬಂದು ಕೂತಾಗ ಹಿಂದಿನವರು ಯಾವ ಕೆಲಸ ಎಲ್ಲಿಗೆ ತಂದು ನಿಲ್ಲಿಸಿದ್ದರು ಎಂದು ಕೇಳಲು ಪಿಡಿಓ ಒಬ್ಬರೇ ಗತಿ. ಅವರಿಗೂ ವರ್ಗಾವಣೆ ಆಗಿದ್ದರೆ ಅದೂ ಇಲ್ಲ. ಕುಡಿಯುವ ನೀರಿನ ಘಟಕಕ್ಕೆ ಜಾಗ ಬಿಡಿಸಲು ಹಿಂದಿನ ಅಧ್ಯಕ್ಷೆ ತಹಸೀಲ್ದಾರರ ಕಚೇರಿಗೆ ವರ್ಷವಿಡೀ ಅಲೆದ ಕಡತ ಯಾವ ಟೇಬಲ್ಲಿನ ಮೇಲಿದೆ ಎಂಬುದು ಆಕೆಯ ತಲೆಯಲ್ಲಿ ಮಾತ್ರ ಇರುತ್ತದೆ, ಆಕೆ ಮನೆಗೆ ಹೋದಾಗ ಅದೂ ಮನೆಗೆ ಹೋಗುತ್ತದೆ. ಮೂವತ್ತು ತಿಂಗಳಿಗೊಮ್ಮೆ ಎಲ್ಲವನ್ನೂ ಮೊದಲಿಂದ ಶುರುಮಾಡುವ ಶಿಕ್ಷೆ ಊರಿಗೆ. ನಲವತ್ತನಾಲ್ಕು ವರ್ಷ ಒಬ್ಬರೇ ಇದ್ದಾಗ ಊರಿಗೆ ತನ್ನಷ್ಟಕ್ಕೆ ದಕ್ಕುವ ನಿರಂತರತೆಯನ್ನು ನಾವು ಬರವಣಿಗೆಯಿಂದ ಗಳಿಸಿಕೊಳ್ಳಬಹುದು, ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ನಿಮ್ಮ ಪಂಚಾಯಿತಿಯ ಅಧ್ಯಕ್ಷರು ಅವಧಿ ಮುಗಿಸಿ ಇಳಿಯುವ ಮುನ್ನ, ಅವರ ಕಾಲದಲ್ಲಿ ಮುಗಿದ ಕೆಲಸ, ಅರ್ಧಕ್ಕೆ ನಿಂತ ಕೆಲಸ, ಅದು ನಿಲ್ಲಲು ಕಾರಣ, ಕಡತ ಇರುವ ಕಚೇರಿ, ಉಳಿದಿರುವ ಅನುದಾನ, ಮನೆ ಪಟ್ಟಿಯಲ್ಲಿ ಬಾಕಿ ಇರುವ ಹೆಸರುಗಳು ಇಷ್ಟನ್ನೂ ಅವರ ಬಾಯಿಂದ ಕೇಳಿ ಬರೆಸಿ, ಗ್ರಾಮಸಭೆಯಲ್ಲಿ ಅವರಿಂದಲೇ ಓದಿಸಿ. ಪಟ್ಟಣ ಪಂಚಾಯಿತಿಯವರು ವಾರ್ಡುಗಳಲ್ಲಿ ಜನರನ್ನು ಸೇರಿಸಿ ಓದಿಸಬಹುದು. ಓದುವವರು ಅಧ್ಯಕ್ಷೆಯಾಗಿದ್ದರೆ ದಯವಿಟ್ಟು ಮೈಕನ್ನು ಅವರ ಗಂಡನ ಕೈಗೆ ಕೊಡಬೇಡಿ. ಜನ ಪ್ರಶ್ನೆ ಕೇಳಲಿ, ತಕರಾರು ತೆಗೆಯಲಿ, ಆ ತಕರಾರೂ ನಡಾವಳಿಯಲ್ಲಿ ದಾಖಲಾಗಲಿ. ಒಂದು ಪ್ರತಿ ಪಂಚಾಯಿತಿಯ ಫಲಕದ ಮೇಲೆ, ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿ ಇರಲಿ. ಶಾಲು ಹಾರ ಅದಾದ ಮೇಲೆ ಹಾಕಿ, ಬೇಡ ಅನ್ನುವವರು ಯಾರು?

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಮುಂದಿನ ಸಭೆಯ ಸೂಚನಾಪತ್ರದಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ, ಹಿಂದಿನ ಅವಧಿಯಲ್ಲಿ ಅಧ್ಯಕ್ಷರಾಗಿದ್ದವರಿಗೂ ಬರಹೇಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ